ಏಜೆಂಟರ ನೆರವಿಲ್ಲದೆ ಕೆನಡಾದ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ನಾವೇ ಅರ್ಜಿ ಹಾಕಬಹುದೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ನಿಮಗೆ 33 ವರ್ಷ, ಬಿ.ಇ. ಆಗಿದೆ, ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದೀರಿ. ನಿಮ್ಮ ಪತ್ನಿಗೆ 29, ಎಂ.ಟೆಕ್. ಮುಗಿಸಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದಾರೆ. ಇಬ್ಬರಿಗೂ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಸಿಎಲ್‌ಬಿ 9 (ಕೆನಡಾದ ಭಾಷಾ ಮಟ್ಟದ ಅಳತೆ) ಬಂದಿದೆ. ಏಜೆಂಟರೊಬ್ಬರು ಮೂರು ಲಕ್ಷ ಕೇಳಿ, ಪಿಆರ್ ಖಚಿತ ಎಂದಿದ್ದಾರೆ. ನಾನು 2018ರಲ್ಲಿ ಯಾರ ನೆರವೂ ಇಲ್ಲದೆ ಅರ್ಜಿ ಹಾಕಿದವನು, ಈಗ ಕ್ಯಾಲ್ಗರಿಯಲ್ಲಿದ್ದೇನೆ. ನೀವೇ ಖಂಡಿತ ಹಾಕಬಹುದು. ಅಂಕ ನೋಡಿ ಅರ್ಜಿದಾರರನ್ನು ಆಯ್ದು ಆಹ್ವಾನಿಸುವ ಕೆನಡಾ ಸರ್ಕಾರದ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ತೆರೆಯಲು ಶುಲ್ಕವೂ ಇಲ್ಲ. ಕಷ್ಟವಿರುವುದು ಫಾರ್ಮ್ ತುಂಬುವುದರಲ್ಲಲ್ಲ, ಕಾಗದಪತ್ರ ಹೊಂದಿಸುವುದರಲ್ಲಿ. ಆ ಕೆಲಸವನ್ನು ಏಜೆಂಟರೂ ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ.

ಎಲ್ಲಕ್ಕಿಂತ ಮೊದಲು ಮುಖ್ಯ ಅರ್ಜಿದಾರರು ಯಾರು ಎಂಬುದನ್ನು ತೀರ್ಮಾನಿಸಿ. ನಮ್ಮಲ್ಲಿ ಗಂಡನ ಹೆಸರಿನಲ್ಲೇ ಅರ್ಜಿ ಹಾಕುವುದು ರೂಢಿಯಾಗಿಬಿಟ್ಟಿದೆ, ಆದರೆ ಅಂಕಗಳ ಲೆಕ್ಕಕ್ಕೆ ಆ ರೂಢಿಯ ಹಂಗಿಲ್ಲ. ನೀವು ಮುಖ್ಯ ಅರ್ಜಿದಾರರಾದರೆ ಸಿಆರ್‌ಎಸ್ (ಎಕ್ಸ್‌ಪ್ರೆಸ್ ಎಂಟ್ರಿಯ ಅಂಕಪದ್ಧತಿ) ಲೆಕ್ಕದಲ್ಲಿ ವಯಸ್ಸಿಗೆ 80, ಪದವಿಗೆ 112, ಇಂಗ್ಲಿಷಿಗೆ 116, ಪತ್ನಿಯ ಎಂ.ಟೆಕ್. ಮತ್ತು ಇಂಗ್ಲಿಷಿನಿಂದ 30, ಪದವಿ ಹಾಗೂ ವಿದೇಶಿ (ಅಂದರೆ ಕೆನಡಾದ ಹೊರಗಿನ) ಅನುಭವ ಭಾಷೆಯೊಡನೆ ಸೇರಿ ತರುವ 75, ಒಟ್ಟು 413 ಆಗುತ್ತದೆ. ಅದೇ ನಿಮ್ಮ ಪತ್ನಿ ಮುಖ್ಯ ಅರ್ಜಿದಾರರಾದರೆ ವಯಸ್ಸಿಗೆ 100, ಎಂ.ಟೆಕ್.ಗೆ 126, ಇಂಗ್ಲಿಷಿಗೆ 116, ನಿಮ್ಮಿಂದ 28, ಉಳಿದದ್ದಕ್ಕೆ 100, ಒಟ್ಟು 470. ಹೆಸರು ಅದಲುಬದಲು ಮಾಡಿದ ಮಾತ್ರಕ್ಕೆ 57 ಅಂಕ! ಮೂವತ್ತು ತುಂಬಿದ ದಿನದಿಂದ ವಯಸ್ಸಿನ ಅಂಕ ವರ್ಷಕ್ಕೆ ಐದರಂತೆ ಇಳಿಯತೊಡಗುವುದರಿಂದ, ಅವರ ಮುಂದಿನ ಹುಟ್ಟುಹಬ್ಬವನ್ನು ಗಮನದಲ್ಲಿಟ್ಟುಕೊಳ್ಳಿ.

ಆದರೂ 470 ಸಾಕೇ ಎಂದರೆ, ಈಗಿನ ಪರಿಸ್ಥಿತಿಯಲ್ಲಿ ಅದೊಂದೇ ಸಾಲದು ಎಂದೇ ಹೇಳಬೇಕಾಗುತ್ತದೆ. ನಾನು ಅರ್ಜಿ ಹಾಕಿದ ವರ್ಷ 440ರ ಆಸುಪಾಸಿನಲ್ಲಿದ್ದವರಿಗೂ ಆಹ್ವಾನ ಬರುತ್ತಿತ್ತು. 2024ರ ಏಪ್ರಿಲ್ ನಂತರ 2025 ಮುಗಿಯುವವರೆಗೂ ಎಲ್ಲರಿಗೂ ತೆರೆದಿರುವ, ಆಹ್ವಾನ ಕಳಿಸುವ ಸಾಮಾನ್ಯ ಸುತ್ತು ನಡೆಯಲೇ ಇಲ್ಲ. ಕೆನಡಾದಲ್ಲಿ ಆಗಲೇ ಕೆಲಸ ಮಾಡಿದವರ ಸುತ್ತುಗಳಲ್ಲಿ ಕಟ್‌ಆಫ್ 2025ರಲ್ಲಿ 500ಕ್ಕಿಂತ ಕೆಳಗೆ ಇಳಿಯಲಿಲ್ಲ. ಆಯ್ದ ಹುದ್ದೆಗಳವರಿಗಾಗಿಯೇ ನಡೆಯುವ ಸುತ್ತುಗಳೂ ಇವೆ, ಆದರೆ ಅವುಗಳ ತಂತ್ರಜ್ಞಾನ ವಿಭಾಗದ ಪಟ್ಟಿಯಿಂದ 2025ರ ಫೆಬ್ರವರಿಯಲ್ಲಿ ಹೆಚ್ಚಿನ ಸಾಫ್ಟ್‌ವೇರ್ ಹುದ್ದೆಗಳನ್ನು ತೆಗೆದುಹಾಕಿದರು. ಹೀಗಾಗಿ ಬೆಂಗಳೂರಿನಲ್ಲಿ ಕುಳಿತ ಸಾಫ್ಟ್‌ವೇರ್ ಎಂಜಿನಿಯರಿಗೆ ಉಳಿದಿರುವುದು ಮುಖ್ಯವಾಗಿ ಎರಡು ದಾರಿ: ಯಾವುದಾದರೂ ಪ್ರಾಂತ್ಯದ ನಾಮನಿರ್ದೇಶನ, ಅದು 600 ಅಂಕ ಕೊಡುತ್ತದೆ; ಇಲ್ಲವೇ ಫ್ರೆಂಚ್. ಓದು, ಬರಹ, ಆಲಿಸುವುದು, ಮಾತು ಈ ನಾಲ್ಕೂ ಕೌಶಲಗಳಲ್ಲಿ ಎನ್‌ಸಿಎಲ್‌ಸಿ 7 (ಫ್ರೆಂಚಿಗೆ ಸಿಎಲ್‌ಬಿಯಂಥದೇ ಅಳತೆ) ಬಂದರೆ ನಿಮ್ಮ ಪತ್ನಿಗೆ ಇನ್ನೂ 62 ಅಂಕ ಸೇರುವುದಲ್ಲದೆ ಫ್ರೆಂಚ್ ಬಲ್ಲವರ ಪ್ರತ್ಯೇಕ ಸುತ್ತಿಗೂ ಅವರು ಅರ್ಹರಾಗುತ್ತಾರೆ. 2025ರ ಮಾರ್ಚ್ 21ರ ಅಂಥ ಸುತ್ತಿನಲ್ಲಿ 379 ಅಂಕದವರಿಗೂ ಆಹ್ವಾನ ಸಿಕ್ಕಿತು. ಏಜೆಂಟರಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಫ್ರೆಂಚ್ ಕಲಿಸುವ ವಸಂತನಗರದ ಅಲಯನ್ಸ್ ಫ್ರಾಂಸೇಸ್‌ಗೆ ಕಟ್ಟಿದರೆ ಹೆಚ್ಚು ಉಪಯೋಗವಾದೀತು ಎಂಬುದು ನನ್ನ ಅಭಿಪ್ರಾಯ. ಸೊನ್ನೆಯಿಂದ ಆ ಮಟ್ಟ ಮುಟ್ಟಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು, ಅದನ್ನೂ ಹೇಳಿಬಿಡುತ್ತೇನೆ.

ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ಆದ್ದರಿಂದ ಕಾಗದಗಳನ್ನು ಆಹ್ವಾನಕ್ಕೆ ಕಾಯದೆ ಈಗಲೇ ಕೂಡಿಹಾಕಿ. ಹೆಚ್ಚು ಸತಾಯಿಸುವುದು ಕೆಲಸದ ಅನುಭವದ ಪತ್ರ. ಅದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಹುದ್ದೆ, ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮತ್ತು ಮುಖ್ಯವಾಗಿ ನೀವು ಮಾಡಿದ ಕೆಲಸಗಳ ವಿವರದೊಂದಿಗೆ ಇರಬೇಕು. ನನ್ನ ಹಿಂದಿನ ಕಂಪನಿಯ ಎಚ್‌ಆರ್ ವಿಭಾಗದವರು, 'ಇವರು ಈ ತಾರೀಕಿನಿಂದ ಈ ತಾರೀಕಿನವರೆಗೆ ನಮ್ಮಲ್ಲಿದ್ದರು, ಇವರ ನಡತೆ ತೃಪ್ತಿಕರ' ಎಂಬ ಎರಡು ಸಾಲಿನ ಪತ್ರಕ್ಕಿಂತ ಹೆಚ್ಚಿನದನ್ನು ಕೊಡಲು ನಮ್ಮ ನೀತಿಯಲ್ಲಿ ಅವಕಾಶವಿಲ್ಲ ಎಂದುಬಿಟ್ಟರು. ಕೊನೆಗೆ ನನ್ನ ಆಗಿನ ಮ್ಯಾನೇಜರು ಕೆಲಸದ ವಿವರವನ್ನು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಕೊಟ್ಟರು. ಅದರ ಜೊತೆಗೆ ಆ ಎರಡು ಸಾಲಿನ ಪತ್ರ, ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಫಾರ್ಮ್ 16, ಮತ್ತು ಪೂರ್ಣ ಪತ್ರ ಏಕೆ ಸಿಗಲಿಲ್ಲವೆಂದು ವಿವರಿಸುವ ಒಂದು ಪುಟ ಸೇರಿಸಿದೆ. ಅದು ಸ್ವೀಕೃತವಾಯಿತು. ಒಂದು ಎಚ್ಚರಿಕೆ: ಕೆನಡಾ ಸರ್ಕಾರದ ಹುದ್ದೆಪಟ್ಟಿಯಲ್ಲಿರುವ ಸಾಲುಗಳನ್ನು ಯಥಾವತ್ತಾಗಿ ಇಳಿಸಬೇಡಿ, ಓದಿದವರಿಗೆ ನಕಲು ಎಂದು ಕೂಡಲೇ ತಿಳಿಯುತ್ತದೆ.

ಇನ್ನು ಹೆಸರಿನ ರಗಳೆ, ಇದು ನಮ್ಮ ಕಡೆಯವರಿಗೇ ಮೀಸಲು. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ 'ಎಚ್.ಎಸ್.' ಎಂಬ ಎರಡು ಅಕ್ಷರಗಳಿದ್ದವು, ಪದವಿ ಪ್ರಮಾಣಪತ್ರದಲ್ಲಿ ಅವೇ ಹೆಸರಿನ ಮುಂದಕ್ಕೆ ಹೋಗಿದ್ದವು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಬಿಡಿಸಿ ಬರೆದಿದ್ದರು. ಮೂರೂ ಒಬ್ಬನೇ ಎಂದು ಪ್ರಮಾಣ ಮಾಡಿ ಅಫಿಡವಿಟ್ ಮಾಡಿಸಿ, ಹೆಸರು ಬೇರೆಯಾಗಿರುವ ಪ್ರತಿಯೊಂದು ದಾಖಲೆಯ ಜೊತೆಗೂ ಅದನ್ನು ಲಗತ್ತಿಸಿದೆ. ನಿಮ್ಮಿಬ್ಬರಲ್ಲಿ ಯಾರ ಪಾಸ್‌ಪೋರ್ಟಿನಲ್ಲಾದರೂ ಉಪನಾಮದ ಜಾಗ ಖಾಲಿಯಿದ್ದರೆ, ಕೆನಡಾದ ಅರ್ಜಿಯಲ್ಲಿ ಇಡೀ ಹೆಸರನ್ನು ಉಪನಾಮದ ಅಂಕಣದಲ್ಲಿ ಬರೆದು ಮೊದಲ ಹೆಸರಿನ ಅಂಕಣವನ್ನು ಖಾಲಿ ಬಿಡಬೇಕು.

ಹಣದ ಪುರಾವೆಯಲ್ಲಿ ಮೊತ್ತದಷ್ಟೇ ಅದರ ಮೂಲವೂ ಮುಖ್ಯ. 2025ರ ಜುಲೈನಲ್ಲಿ ಪರಿಷ್ಕರಿಸಿದ ಪ್ರಕಾರ ಇಬ್ಬರ ಕುಟುಂಬಕ್ಕೆ 19,001 ಕೆನಡಿಯನ್ ಡಾಲರ್ ಬೇಕು, ಅದು ಸಾಲದ ಹಣವಾಗಿರಬಾರದು, ಕಳೆದ ಆರು ತಿಂಗಳ ಸರಾಸರಿಯನ್ನು ಬ್ಯಾಂಕು ಬರೆದುಕೊಡಬೇಕು. ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ಅಡಿಕೆ ಮಾರಿ ಒಂದೇ ಸಲಕ್ಕೆ ದೊಡ್ಡ ಮೊತ್ತ ನನ್ನ ಖಾತೆಗೆ ಹಾಕಿದ್ದರು. ಅದಕ್ಕಾಗಿ ಅವರಿಂದ ದಾನಪತ್ರ ಬರೆಸಿಕೊಂಡು, ಕನ್ನಡದಲ್ಲಿದ್ದ ಮಂಡಿಯ ಪಟ್ಟಿಯನ್ನು ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ಅಫಿಡವಿಟ್ ಸಮೇತ ಕಳಿಸಬೇಕಾಯಿತು. ಅಡಿಕೆಯ 'ರಾಶಿ', 'ಬೆಟ್ಟೆ' ಎಂಬ ಬಗೆಗಳನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಆ ಅನುವಾದಕರು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರು.

ಉಳಿದವು ಸರಳ. ಇಬ್ಬರ ಪದವಿಗಳು ಕೆನಡಾದ ಯಾವ ಪದವಿಗೆ ಸಮ ಎಂದು ತಿಳಿಸುವ ಮೌಲ್ಯಮಾಪನಕ್ಕೂ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟಿಗೂ ಮೊದಲೇ ಅರ್ಜಿ ಕೊಡಿ. ಮೌಲ್ಯಮಾಪನದ ವರದಿ ಐದು ವರ್ಷ, ಐಇಎಲ್‌ಟಿಎಸ್ ಎರಡು ವರ್ಷ ಚಾಲ್ತಿಯಲ್ಲಿರುತ್ತವೆ. ಕಳೆದ ಹತ್ತು ವರ್ಷಗಳಲ್ಲಿ ಆನ್‌ಸೈಟ್ ಎಂದು ಯಾವುದಾದರೂ ದೇಶದಲ್ಲಿ ಸತತ ಆರು ತಿಂಗಳು ಇದ್ದಿದ್ದರೆ ಅಲ್ಲಿಯ ಪೊಲೀಸ್ ಪ್ರಮಾಣಪತ್ರವೂ ಬೇಕು. 2025ರ ಆಗಸ್ಟ್ 21ರಿಂದ ವೈದ್ಯಕೀಯ ತಪಾಸಣೆಯನ್ನೂ ಅರ್ಜಿ ಸಲ್ಲಿಸುವ ಮೊದಲೇ ಮಾಡಿಸಬೇಕಾಗಿದೆ.

ಈಗ ನಿಮ್ಮ ಏಜೆಂಟರ ವಿಷಯ. ಹಣ ಪಡೆದು ಕೆನಡಾದ ಅರ್ಜಿದಾರರನ್ನು ಪ್ರತಿನಿಧಿಸಲು ಅಲ್ಲಿಯ ವಕೀಲರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ವಲಸೆ ಸಲಹೆಗಾರರ ಕಾಲೇಜಿನ (ಇದು ಪಾಠ ಹೇಳುವ ಕಾಲೇಜಲ್ಲ, ಸಲಹೆಗಾರರ ನಿಯಂತ್ರಣ ಸಂಸ್ಥೆ) ಪರವಾನಗಿ ಇರುವವರಿಗೆ ಮಾತ್ರ ಅಧಿಕಾರವಿದೆ. ಆ ಕಾಲೇಜಿನ ಸದಸ್ಯರ ಪಟ್ಟಿ ಅಂತರಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಏಜೆಂಟರ ಪರವಾನಗಿ ಸಂಖ್ಯೆ ಕೇಳಿ, ನೀವೇ ಹುಡುಕಿ ನೋಡಿ. ಮೂರು ಲಕ್ಷದೊಳಗೆ 'ಜಾಬ್ ಆಫರ್ ಲೆಟರ್' ಕೂಡ ಸೇರಿದೆ ಎಂದು ಅವರು ಹೇಳಿದ್ದರೆ ಅಲ್ಲಿಂದ ಎದ್ದು ಬನ್ನಿ: 2025ರ ಮಾರ್ಚ್ 25ರಿಂದ ಉದ್ಯೋಗದ ಕರೆಗೆ ಸಿಆರ್‌ಎಸ್‌ನಲ್ಲಿ ಅಂಕವೇ ಇಲ್ಲ, ಆ ಪತ್ರ ಸುಳ್ಳೆಂದು ತಿಳಿದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುವುದು ಏಜೆಂಟರಿಗಲ್ಲ, ನಿಮ್ಮಿಬ್ಬರಿಗೆ.