ಕಾಸರಗೋಡಿನ ಮಕ್ಕಳು ಮತ್ತು ತರಗತಿಯ ಇಂಗ್ಲಿಷು

ನಾಲ್ಕೈದು ಭಾಷೆಗಳನ್ನು ಸಲೀಸಾಗಿ ಆಡುವ ಕಾಸರಗೋಡಿನ ಮಕ್ಕಳು ಇಂಗ್ಲಿಷಿನ ಪಾಠ ಕೇಳುವಾಗ ಮಾತ್ರ ಏಕೆ ತಡವರಿಸುತ್ತಾರೆ ಎಂದು ತಾವು ಕೇಳಿದ್ದೀರಿ. ಮೈಸೂರಿನ ಕಡೆಯವರಿಗೆ ಈ ಸಂದೇಹ ಬರುವುದು ಸಹಜ. ಇಲ್ಲಿಯ ಕನ್ನಡ ಮಾಧ್ಯಮದಲ್ಲಿಯೇ ಓದಿ, ಮುಂದೆ ಇಲ್ಲಿಯ ಮಕ್ಕಳಿಗೇ ಇಂಗ್ಲಿಷ್ ಕಲಿಸಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿಯ ಮಗುವಿಗೆ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಅಂಗಡಿಯಲ್ಲಿ ಮತ್ತು ಬಸ್ಸಿನಲ್ಲಿ ಮಲಯಾಳ. ಹತ್ತನೆಯ ತರಗತಿಯವರೆಗೆ ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿತ ಮಗು ಹನ್ನೊಂದನೆಯ ತರಗತಿಯಾದ ಪ್ಲಸ್ ವನ್‌ಗೆ ಕಾಲಿಟ್ಟಾಗ ಪಠ್ಯಪುಸ್ತಕ ಇಂಗ್ಲಿಷಿನದ್ದಾಗಿರುತ್ತದೆ, ಕಷ್ಟವಾದ ಭಾಗದ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ. ಮಲಯಾಳ ಮಾಧ್ಯಮದಿಂದ ಬಂದವನಿಗೆ ಅದು ಊರುಗೋಲು. ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಷ್ಟು ಮಲಯಾಳ ಬಲ್ಲ ನಮ್ಮ ಹುಡುಗಿಗೆ ಭೌತಶಾಸ್ತ್ರದ ಮಲಯಾಳವೂ ಇಂಗ್ಲಿಷಿನಷ್ಟೇ ದೂರ.

ದಿನಬಳಕೆಯ ಮಾತಿನ ಸಾಮರ್ಥ್ಯ ಬೇರೆ, ಪಾಠದ ಭಾಷೆಯ ಸಾಮರ್ಥ್ಯ ಬೇರೆ ಎಂಬ ಭೇದವನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮುಂದಿಟ್ಟರು. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ಒಲಿದರೆ, ಎರಡನೆಯದಕ್ಕೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕೆಂದು ಅವರು ಕಂಡುಕೊಂಡರು. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದು ಭಾಷೆಗೂ ದಾಟುತ್ತದೆ ಎಂಬ ಅವರ ಇನ್ನೊಂದು ಮಾತು ನಮಗೆ ಹೆಚ್ಚು ಉಪಯುಕ್ತ. ಜಡತ್ವ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಏನೆಂದು ನಮ್ಮ ಮಗು ಬಲ್ಲದು. ‘ಇನರ್ಷಿಯಾ’ ಎಂಬ ಸದ್ದು ಕೇಳಿದಾಗ ಅದು ತಾನು ಬಲ್ಲ ಜಡತ್ವವೇ ಎಂದು ಹೊಳೆಯುವುದಿಲ್ಲ, ಅಷ್ಟೆ. ಆದ್ದರಿಂದ ಪಾಠದ ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆದುಕೊಳ್ಳಲು ನಾನು ಮೊದಲ ತಿಂಗಳು ಬಿಡುತ್ತೇನೆ. ಇದಕ್ಕೆ ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಿವಿಗೆ ನಿಜವಾದ ತೊಡಕು ಒತ್ತಿನಿಂದ, ಅಂದರೆ ಪದದ ಒಂದು ಭಾಗವನ್ನು ಬಲವಾಗಿ ಉಚ್ಚರಿಸುವುದರಿಂದ, ಬರುತ್ತದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ಪಾಲಿನ ಉಸಿರನ್ನು ಪಡೆಯುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಉಬ್ಬಿ ಪಕ್ಕದವು ನುಂಗಿಹೋಗುತ್ತವೆ. ‘ಎಕಾನಮಿ’ಯಲ್ಲಿ ಎರಡನೆಯ ಅಕ್ಷರದ ಮೇಲಿದ್ದ ಒತ್ತು ‘ಎಕನಾಮಿಕ್’ ಆದೊಡನೆ ಮೂರನೆಯದಕ್ಕೆ ಜಾರುತ್ತದೆ, ಪುಸ್ತಕದಲ್ಲಿ ಎರಡನ್ನೂ ಓದಬಲ್ಲ ವಿದ್ಯಾರ್ಥಿ ಕಿವಿಯಲ್ಲಿ ಅವುಗಳ ನೆಂಟಸ್ತಿಕೆಯನ್ನು ಗುರುತಿಸಲಾರ. ಹೊಸ ಪದವನ್ನು ಕೇಳಿದಂತೆ ಕನ್ನಡ ಲಿಪಿಯಲ್ಲಿ ಬರೆದು, ಒತ್ತಿರುವ ಅಕ್ಷರದಡಿ ಗೆರೆ ಎಳೆಯುವ ಅಭ್ಯಾಸ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ಇದೆ. ಯಕ್ಷಗಾನ ಪ್ರಸಂಗಗಳ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡಿದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳು ಇಲ್ಲಿಂದ ಬಂದವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಬಾಯಿಪಾಠವಿಲ್ಲದೆ ತನ್ನ ಮಾತಿನಲ್ಲಿ ಬೆಳೆಸುತ್ತಾನೆ, ಎದುರಾಳಿ ಅವನ ಮಾತಿನ ಎಳೆಯೊಂದನ್ನು ಹಿಡಿದು ಪ್ರಶ್ನಿಸುತ್ತಾನೆ. ಎದುರಿನವನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದ ಅರ್ಥಧಾರಿ ಅಲ್ಲಿ ಎರಡು ಪದ್ಯ ಉಳಿಯಲಾರ. ತರಗತಿಯಲ್ಲಿ ಪದ್ಯದ ಬದಲಿಗೆ ಎರಡು ನಿಮಿಷದ ಇಂಗ್ಲಿಷ್ ಉಪನ್ಯಾಸದ ತುಣುಕನ್ನು ಕೇಳಿಸುತ್ತೇನೆ. ಮೊದಲ ಬಾರಿಗೆ ‘ಹೌಎವರ್’, ‘ದೇರ್‌ಫೋರ್’ ಎಂಬಂತಹ ತಿರುವಿನ ಪದಗಳನ್ನಷ್ಟೇ ಹಿಡಿಯಬೇಕು, ಏಕೆಂದರೆ ವಾದ ಯಾವ ಕಡೆಗೆ ಹೊರಳಿತೆಂದು ತಿಳಿದರೆ ಬಿಟ್ಟುಹೋದ ಪದಗಳು ಅಷ್ಟಾಗಿ ಕಾಡುವುದಿಲ್ಲ. ಎರಡನೆಯ ಬಾರಿಗೆ ಸಾರ. ಬಳಿಕ ಒಬ್ಬಳು ಅದನ್ನು ತನ್ನ ಇಂಗ್ಲಿಷಿನಲ್ಲಿ ವಿವರಿಸುತ್ತಾಳೆ, ಇನ್ನೊಬ್ಬ ಆಕ್ಷೇಪಿಸುತ್ತಾನೆ. ಆಕ್ಷೇಪಿಸುವ ಮೊದಲು ಅವಳು ಹೇಳಿದ್ದನ್ನು, ಅವಳು ಒಪ್ಪುವಂತೆ, ಒಂದು ವಾಕ್ಯದಲ್ಲಿ ಹೇಳಿ ತೋರಿಸಬೇಕು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಹೇಳದೆ ತನ್ನ ಸಿದ್ಧಾಂತಕ್ಕೆ ಹಾರುವಂತಿಲ್ಲ ಎಂದರೆ ಇಲ್ಲಿಯ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಜ್ಜನ ಜೊತೆ ದೇವಸ್ಥಾನದ ಅಂಗಳದಲ್ಲಿ ಕುಳಿತು ಅದನ್ನು ಕಂಡವರೇ ಅವರು. ವ್ಯಾಕರಣದ ತಪ್ಪನ್ನು ನಡುವೆ ತಿದ್ದುವುದಿಲ್ಲ. ಭಾಗವತರು ಅರ್ಥಧಾರಿಯ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆಯೇ?

ಕೆಲವರು ಮಾತ್ರ ಬಹಳ ಕಾಲ ಬಾಯಿ ತೆರೆಯುವುದಿಲ್ಲ. ಅಂಥವರಿಂದ ಮೊದಲು ಪ್ರಶ್ನೆಗಳನ್ನಷ್ಟೇ ಕೇಳಿಸುತ್ತೇನೆ.

ತಾವು ಧ್ವನಿಮುದ್ರಣಗಳನ್ನು ಕಳುಹಿಸುವುದಾಗಿ ತಿಳಿಸಿದ್ದೀರಿ. ದಯವಿಟ್ಟು ಲಂಡನ್ನಿನ ಉಚ್ಚಾರಣೆಯನ್ನಷ್ಟೇ ಆರಿಸಬೇಡಿ. ಈ ಮಕ್ಕಳು ನಾಳೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಗಡಿಯ ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಲ್ಲೋ ಪಾಠ ಕೇಳುವವರು. ಅಲ್ಲಿ ಒಬ್ಬರ ಬಾಯಲ್ಲಿ ‘ಸಿಂಪಲ್’ ಎಂಬುದು ‘ಸಿಂಬಲ್’ ಆಗಿ ಕೇಳಿಸೀತು, ನಮ್ಮವರೊಬ್ಬರು ಪ್ರತಿ ಪದದ ಕೊನೆಗೂ ಒಂದು ಉಕಾರವನ್ನು ಅಂಟಿಸಿಯಾರು. ಆದ್ದರಿಂದ ಮಲಯಾಳಿಗಳು, ಕನ್ನಡಿಗರು, ತಮಿಳರು ಪಾಠ ಮಾಡಿದ ತುಣುಕುಗಳೂ ಇರಲಿ, ಒಂದೊಂದೂ ಐದು ನಿಮಿಷ ಮೀರದಿರಲಿ.