ಪಾರ್ವೋವೈರಸ್ ಸೋಂಕಾದ ಗರ್ಭಿಣಿಗೆ ಒಂದು ಫೀಟಲ್ ಎಕೋ ಸಾಕೇ?

ನಿಮಗೀಗ 22 ವಾರ. ದೊಡ್ಡ ಮಗುವಿಗೆ ಕೆನ್ನೆ ಕೆಂಪಾಗುವ ಜ್ವರ ಬಂದುಹೋದ ಮೇಲೆ ನಿಮ್ಮ ರಕ್ತದಲ್ಲಿ ಪಾರ್ವೋವೈರಸ್ ಬಿ19ರ ಐಜಿಎಂ (ಇತ್ತೀಚಿನ ಸೋಂಕನ್ನು ತೋರಿಸುವ ಪ್ರತಿಕಾಯ) ಪಾಸಿಟಿವ್ ಬಂದಿದೆ. ಫೀಟಲ್ ಎಕೋ, ಅಂದರೆ ಗರ್ಭದಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ನಾರ್ಮಲ್ ಇದೆ, ಇನ್ನು ಸ್ಕ್ಯಾನ್ ಬೇಡವೇ ಎಂದು ಕೇಳಿದ್ದೀರಿ. ಬೇಕೇ ಬೇಕು. ಗರ್ಭದಲ್ಲಿರುವ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ಆದರೆ ತೊಂದರೆ ಬರುವುದಾದರೆ ತಾಯಿಗೆ ಸೋಂಕು ತಗುಲಿ ಕೆಲವು ವಾರಗಳಾದ ಮೇಲೆಯೇ ಬರುತ್ತದೆ. ಹಾಗಾಗಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆಯಂತೆ ಸುಮಾರು 12 ವಾರ ನೋಡುತ್ತಿರಬೇಕು.

ಈ ವೈರಸ್ ಮೊದಲು ಹಿಡಿಯುವುದು ಕೆಂಪು ರಕ್ತಕಣ ತಯಾರಿಸುವ ಜೀವಕೋಶಗಳನ್ನು. ಕಣಗಳು ಕಡಿಮೆಯಾದಂತೆ ಮಗುವಿನ ರಕ್ತ ತೆಳುವಾಗುತ್ತದೆ, ಹೃದಯ ಅದನ್ನು ಇನ್ನಷ್ಟು ಜೋರಾಗಿ ತಳ್ಳುತ್ತದೆ. ಆ ಹಂತದಲ್ಲಿ ಎಕೋ ಮಾಡಿದರೆ ಹೃದಯ ಚೆನ್ನಾಗಿ ಬಡಿಯುತ್ತಿದೆ ಎಂದೇ ಕಾಣುತ್ತದೆ! ತೆಳುವಾದ ರಕ್ತ ವೇಗವಾಗಿ ಹರಿಯುತ್ತದೆ, ಅದಕ್ಕೇ ನಾನು ಮೊದಲು ಕೇಳುವುದು ಮಿದುಳಿನ ಮಧ್ಯ ಅಪಧಮನಿಯ, ಅಂದರೆ ಎಂಸಿಎಯ, ರಕ್ತದ ಗರಿಷ್ಠ ವೇಗ ಎಷ್ಟು ಎಂದು. ಅದು ಆ ವಾರದ ಸರಾಸರಿಯ 1.5 ಪಟ್ಟು ದಾಟಿದರೆ ರಕ್ತಹೀನತೆಯ ಶಂಕೆ. ಆ ಗಡಿ 22 ವಾರಕ್ಕೆ ಸೆಕೆಂಡಿಗೆ ಸುಮಾರು 42 ಸೆಂ.ಮೀ., 24ಕ್ಕೆ 46, 28ಕ್ಕೆ 55.

ಈ ಅಳತೆ ತಪ್ಪುವುದು ಹೆಚ್ಚಾಗಿ ಕೋನದಲ್ಲಿ. ಡಾಪ್ಲರ್ (ರಕ್ತದ ವೇಗ ಅಳೆಯುವ ಸ್ಕ್ಯಾನ್) ಕಿರಣ ರಕ್ತನಾಳದ ನೇರಕ್ಕೇ ಇರಬೇಕು. 30 ಡಿಗ್ರಿ ಓರೆಯಾದರೆ 48 ಇರುವ ವೇಗ 42 ಎಂದು ಬರುತ್ತದೆ, 24 ವಾರದ ಮಗುವಿನ ರಕ್ತಹೀನತೆ ಕೈತಪ್ಪಿತು. ನಾಳ ಹುಟ್ಟುವ ಜಾಗದ ಹತ್ತಿರವೇ ಅಳೆಯಬೇಕು, ಮಗು ಅಲುಗಾಡದೆ ಇರಬೇಕು, ಪ್ರೋಬನ್ನು ತಲೆಯ ಮೇಲೆ ಒತ್ತಬಾರದು. ಮೂರು ಸಲವಾದರೂ ಅಳೆಯುವುದು ಒಳ್ಳೆಯದು. 35 ವಾರ ದಾಟಿದ ಮೇಲೆ ಸುಳ್ಳು ಎಚ್ಚರಿಕೆಗಳು ಹೆಚ್ಚು.

ಹಾಗೆಂದು ಎಕೋ ವ್ಯರ್ಥವಲ್ಲ. ವೈರಸ್ ಹೃದಯದ ಸ್ನಾಯುವಿಗೂ ನೇರವಾಗಿ ತಗುಲಬಹುದು. ಹೃದಯದ ವಿಸ್ತೀರ್ಣ ಎದೆಗೂಡಿನದರ ಮೂರನೇ ಒಂದು ಭಾಗವನ್ನು ಮೀರಿದೆಯೇ, ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟದಲ್ಲಿ ರಕ್ತ ಹಿಂದಕ್ಕೆ ಸೋರುತ್ತಿದೆಯೇ, ಹೃದಯದ ಸುತ್ತ, ಹೊಟ್ಟೆಯಲ್ಲಿ, ಚರ್ಮದಡಿ ನೀರು ಸೇರಿದೆಯೇ ನೋಡಬೇಕು. ಹೊಕ್ಕುಳಬಳ್ಳಿಯ ರಕ್ತವನ್ನು ಹೃದಯದ ಕಡೆಗೆ ಒಯ್ಯುವ ನಾಳವಾದ ಡಕ್ಟಸ್ ವೀನೋಸಸ್‌ನಲ್ಲಿ ಎ-ಅಲೆ (ಹೃದಯದ ಮೇಲಿನ ಕೋಣೆ ಬಿಗಿಯಾಗುವಾಗಿನ ಹರಿವು) ತಿರುಗುಮುರುಗಾಗಿದ್ದರೆ ಹೃದಯ ಸೋಲುತ್ತಿದೆ ಎಂದೇ ತಿಳಿಯಬೇಕು.

ಕೆಲವು ಕಡೆ ಹೃದಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವ ಎಂಪಿಐ ಎಂಬ ಅಂಕಿಯನ್ನೂ ಕೊಡುತ್ತಾರೆ. ಹೃದಯ ಬಿಗಿಯಾಗುವ 28, ಸಡಿಲವಾಗುವ 34 ಮಿಲಿಸೆಕೆಂಡ್ ಕೂಡಿಸಿ, ರಕ್ತ ಹೊರದಬ್ಬುವ 171ರಿಂದ ಭಾಗಿಸಿದರೆ 0.36, ಅದು ಆರೋಗ್ಯವಂತ ಹೃದಯದ ಲೆಕ್ಕ. ಇಲ್ಲಿ ಕವಾಟದ ಸದ್ದಿನ ಗೆರೆ ಗುರುತಿಸುವಾಗ ಐದಾರು ಮಿಲಿಸೆಕೆಂಡ್ ಆಚೀಚೆಯಾದರೂ ಉತ್ತರ ಬದಲಾಗುತ್ತದೆ. ಒಂದೇ ಸಲದ ಎಂಪಿಐ ನಂಬಿ ನಾನಂತೂ ತೀರ್ಮಾನಕ್ಕೆ ಬರುವುದಿಲ್ಲ.

ಎಂಸಿಎ ವೇಗ ಗಡಿ ದಾಟಿದರೆ ಅಥವಾ ನೀರು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಗರ್ಭದಲ್ಲೇ ಮಗುವಿಗೆ ರಕ್ತ ಕೊಡುವ ಫೀಟಲ್ ಮೆಡಿಸಿನ್ ಕೇಂದ್ರಕ್ಕೆ ಕೂಡಲೇ ಹೋಗಿ. ಹೊಕ್ಕುಳಬಳ್ಳಿಯಿಂದ ರಕ್ತ ತೆಗೆದು ಹಿಮೋಗ್ಲೋಬಿನ್ ಜೊತೆ ಪ್ಲೇಟ್‌ಲೆಟ್ಟನ್ನೂ ನೋಡುತ್ತಾರೆ. ಈ ಸೋಂಕಿನಲ್ಲಿ ಅದೂ ಇಳಿಯುವುದರಿಂದ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತಸ್ರಾವವಾಗಬಹುದು. ಪ್ಲೇಟ್‌ಲೆಟ್ ಸಿದ್ಧವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.