ಡಯಾಲಿಸಿಸ್ ಶುರುವಾದ ಮೇಲೆ ಅಮ್ಮ ದೇವರ ಮುಂದೆ ಕೂರುತ್ತಿಲ್ಲ

ನಿಮ್ಮಮ್ಮನಿಗೆ ನಂಬಿಕೆ ಹೋಗಿಲ್ಲ, ಮೈ ಸೋತಿದೆ ಅನಿಸುತ್ತೆ. 'ದೇವರು ಕೈಬಿಟ್ಟ' ಅಂತಾರೆ ಎಂದು ಬರೆದಿದ್ದೀರಿ. ನಮ್ಮಪ್ಪನೂ ಇದೇ ಮಾತು ಹೇಳುತ್ತಿದ್ದರು. ಅವರ ಭಕ್ತಿಯೆಲ್ಲ ಮೈಯಲ್ಲೇ ಇತ್ತು: ತಲೆಗೆ ಸ್ನಾನ, ಶನಿವಾರದ ಉಪವಾಸ, ದೇವರಾಯನದುರ್ಗದ ಮೆಟ್ಟಿಲು ಹತ್ತಿ ಯೋಗ ನರಸಿಂಹನ ದರ್ಶನ. ಮೈ ಕೈಕೊಟ್ಟಾಗ ಎಲ್ಲವೂ ಒಟ್ಟಿಗೆ ನಿಂತುಹೋಯಿತು.

ಮೊದಲು ಮಡಿಯ ಲೆಕ್ಕ ಬಿಡಿಸಿ. ಮಕ್ಕಳು ಹೇಳಿದರೆ ಕೇಳುವುದಿಲ್ಲ, ಅವರು ಒಪ್ಪುವ ಅರ್ಚಕರ ಬಾಯಲ್ಲೇ ಹೇಳಿಸಿ. ಆಮೇಲೆ ದೇವರ ಪಟವನ್ನು ಮಲಗಿದಲ್ಲಿಂದಲೇ ಕಾಣುವ ಹಾಗೆ ಇಡಿ. ಡಯಾಲಿಸಿಸ್‌ನ ಆ 4 ಗಂಟೆ ಸೂಜಿ ಹಾಕಿದ ಕೈ ಆಡಿಸುವಂತಿಲ್ಲ, ಇನ್ನೊಂದು ಕೈಗೆ ಜಪಮಣಿ ಕೊಡಿ. ಅಪ್ಪ ಎಣಿಸುತ್ತಲೇ ಇರಲಿಲ್ಲ. ಹೆಬ್ಬೆರಳಲ್ಲಿ ಒಂದೇ ಮಣಿಯನ್ನು ಉಜ್ಜುತ್ತಾ ಸುಮ್ನೆ ಹಿಡಿದುಕೊಂಡಿರುತ್ತಿದ್ದರು. ದೇವರನ್ನು ಬೈದರೆ ತಡೆಯಬೇಡಿ. ಬೈಗುಳವೂ ಅವನ ಜೊತೆ ಆಡುವ ಮಾತೇ ಅಲ್ವಾ?

ಪ್ರಸಾದದ ವಿಷಯದಲ್ಲಿ ಮಾತ್ರ ಜೋಪಾನ. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವರಲ್ಲಿ ಅದು ಏರಿದರೆ ಹೃದಯಕ್ಕೇ ಅಪಾಯ. ನೀರಿಗೂ ಮಿತಿ ಇರುತ್ತೆ, ತೀರ್ಥ ಒಂದು ಉದ್ಧರಣೆ ಸಾಕು. ಡಾಕ್ಟರನ್ನು ಕೇಳದೆ ಉಪವಾಸ ಬೇಡ.

ನಿಮ್ಮಮ್ಮನಿಗೂ ಇದರಿಂದ ಸಮಾಧಾನ ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ. 2 ವಾರ ಕಳೆದರೂ ಊಟ ಬೇಡ, ನಿದ್ದೆ ಇಲ್ಲ, ಮಾತಿಲ್ಲ ಅಂದರೆ ಖಿನ್ನತೆಯೂ ಇರಬಹುದು. ಮುಂದಿನ ಸಲ ಡಯಾಲಿಸಿಸ್‌ಗೆ ಹೋದಾಗ ಡಾಕ್ಟರಿಗೆ ಬಿಡಿಸಿ ಹೇಳಿ.